ಮೊದಲ ಸಲ ಡ್ಯೂರಿಯನ್: ಇಡೀ ಹಣ್ಣೋ, ಫ್ರೀಜರಿನಲ್ಲಿಟ್ಟ ತೊಳೆಯೋ?

ಹಲಸಿನಂತೆ ಮುಳ್ಳು ಸಿಪ್ಪೆಯ, ಘಾಟು ವಾಸನೆಯ ಹಣ್ಣಾದ ಡ್ಯೂರಿಯನ್ ಕೊಡಗಿನವರಿಗೆ ಸಿಗಲು ಮುಖ್ಯವಾಗಿ ಎರಡು ದಾರಿ. ಒಂದು, ನೀಲಗಿರಿಯ ಬರ್ಲಿಯಾರ್ ಕಡೆ ಬೆಳೆದ ಇಡೀ ಹಣ್ಣು. ಇನ್ನೊಂದು, ದೊಡ್ಡ ಊರಿನ ಅಂಗಡಿಗಳ ಫ್ರೀಜರಿನಲ್ಲಿರುವ ಥಾಯ್ಲೆಂಡಿನ ಮೊಂತಾಂಗ್ ತಳಿಯ ತೊಳೆ. ಎರಡನ್ನೂ ಹಿತ್ತಲ ಹಲಸಿನ ಪಕ್ಕದಲ್ಲಿಟ್ಟು ತಿಂದು ನೋಡಿದರೆ ತೀರ್ಮಾನ ಸುಲಭ. ತುಳುವ (ಮೆತ್ತನೆ ತೊಳೆಯ) ಹಲಸನ್ನು ಇಷ್ಟಪಡುವವರು ಇಡೀ ಹಣ್ಣಿನಿಂದಲೇ ಶುರು ಮಾಡಲಿ. ಗಟ್ಟಿ ತೊಳೆಯ ಬಕ್ಕೆ ಹಲಸು ಬಿಟ್ಟು ಬೇರೆ ಮುಟ್ಟದವರಿಗೆ ಫ್ರೀಜರ್ ತೊಳೆಯೇ ಸರಿ.

ಕಾರಣ ವಾಸನೆಗಿಂತ ಹೆಚ್ಚಾಗಿ ಮೆದುತನ. ಚೆನ್ನಾಗಿ ಹಣ್ಣಾದ ಡ್ಯೂರಿಯನ್ ತೊಳೆ ನಾರಿಲ್ಲದ ಗಟ್ಟಿ ಕೆನೆಯಂತೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಗಂಧಕದ ಅಂಶದಿಂದ ಈರುಳ್ಳಿಯ ಘಾಟು ಮೂಗಿಗೆ ಬಡಿಯುತ್ತದೆ, ಅದರಡಿಯಲ್ಲಿ ಹಣ್ಣಿನ ಸಿಹಿ ಪರಿಮಳವೂ ಇರುತ್ತದೆ. ತಣ್ಣಗಿದ್ದಾಗ ಈ ಅಂಶಗಳು ಕಡಿಮೆ ಆವಿಯಾಗುವುದರಿಂದ ಫ್ರೀಜರ್ ತೊಳೆ ಅರ್ಧದಷ್ಟೂ ನಾರುವುದಿಲ್ಲ. ಹೊರಗೆ 20–30 ನಿಮಿಷ ಇಟ್ಟು, ನಡುವೆ ಇನ್ನೂ ಗಟ್ಟಿಯಿರುವಾಗಲೇ ತಿನ್ನಬೇಕು, ಐಸ್‌ಕ್ರೀಮಿನ ಹಾಗೆ. ಪೂರ್ತಿ ಕರಗಲು ಬಿಟ್ಟರೆ ನೀರೊಡೆದು ಕೆನೆತನ ಹೋಗುತ್ತದೆ, ಬಹಳ ಮಂದಿಗೆ ಹಿಡಿಸದಿರುವುದು ಇಲ್ಲೇ.

ಇಡೀ ಹಣ್ಣು ಕೊಳ್ಳುವಾಗ ತೊಟ್ಟು ಹಸಿಯಾಗಿರಬೇಕು. ಪಕ್ಕದ ಎರಡು ಮುಳ್ಳುಗಳನ್ನು ಒಟ್ಟಿಗೆ ಒತ್ತಿದರೆ ತುದಿ ಸ್ವಲ್ಪ ಬಾಗಬೇಕು. ಸಣ್ಣ ತೂತು ಕಂಡರೆ ಒಳಗೆ ಹುಳ ಇದೆಯೆಂದೇ ಲೆಕ್ಕ. ತಳ ಅಗಲವಾಗಿ ಸೀಳಿದ್ದರೆ ಒಳಗೆ ಹುಳಿಯೊಡೆದಿರುತ್ತದೆ. ಬಲಿಯದೆ ಕೊಯ್ದಿದ್ದು ಹಸಿ ಕಡಲೆಕಾಯಿಯ ರುಚಿಯದು, ಬಿಡಿಸಿದ ಮೇಲೆ ಅದು ಹಣ್ಣಾಗುವುದಿಲ್ಲ.

ಹಲಸಿನಂತೆ ಅಡ್ಡಕ್ಕೆ ಕತ್ತಿ ಹಾಕುವುದೇ ಎಲ್ಲರೂ ಮಾಡುವ ತಪ್ಪು. ತೊಳೆ, ಬೀಜ ಎರಡೂ ತುಂಡಾಗುತ್ತವೆ, ಕೈಗೆ ಮುಳ್ಳೂ ತಾಗುತ್ತದೆ. ದಪ್ಪ ಗೋಣಿಯ ಮೇಲೆ ತೊಟ್ಟು ಕೆಳಗಾಗಿ ನಿಲ್ಲಿಸಿ. ಮೇಲೆ ಐದು ಗೆರೆ ಕೂಡುವ ನಕ್ಷತ್ರ ಕಾಣುತ್ತದೆ. ಅಲ್ಲಿ ದಪ್ಪ ಚಾಕುವಿನ ತುದಿಯನ್ನು ಎರಡು ಸೆಂಟಿಮೀಟರ್ ಇಳಿಸಿ ತಿರುಗಿಸಿದರೆ ಸಂದು ಬಿಡುತ್ತದೆ, ಉಳಿದದ್ದನ್ನು ಬಟ್ಟೆ ಹಿಡಿದು ಕೈಯಲ್ಲೇ ಎಳೆಯಬಹುದು. ಮೇಣವಿಲ್ಲ, ತೊಳೆಯ ಸುತ್ತ ನಾರಿನ ಸಾಡೆಯಿಲ್ಲ, ಕೈಗೆ ಎಣ್ಣೆ ಬೇಡ. ಡ್ಯೂರಿಯನ್ ಹಲಸಿಗೆ ನೆಂಟನಲ್ಲ, ಬೂರುಗ, ದಾಸವಾಳಗಳ ಕುಟುಂಬದ್ದು. ಬಿಡಿಸುವ ವಿಷಯದಲ್ಲಿ ಹಲಸಿಗಿಂತ ಡ್ಯೂರಿಯನ್ನೇ ಮೇಲು.

ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಮನೆಯೊಳಗೆ ಬಿಡಿಸಲೇಬೇಡಿ, ಜಗಲಿಯಲ್ಲೇ ಬಿಡಿಸಿ. ಮಿಕ್ಕಿದ್ದನ್ನು ಎರಡು ಡಬ್ಬಿಯೊಳಗೆ ಬಿಗಿಯಾಗಿ ಮುಚ್ಚಿಡಿ. ಇಲ್ಲವಾದರೆ ಫ್ರಿಜ್ಜಿನ ಬೆಣ್ಣೆ, ಹಾಲು ಎಲ್ಲಕ್ಕೂ ವಾಸನೆ ಹಿಡಿಯುತ್ತದೆ. ಕಾಫಿಪುಡಿಯನ್ನಂತೂ ಹತ್ತಿರ ಇಡಲೇಬಾರದು.

ಮೊದಲ ಸಲ ಒಂದು ತೊಳೆ ಸಾಕು. 100 ಗ್ರಾಮಿಗೆ ಹಲಸಿನ ಹಣ್ಣು ಸುಮಾರು 95 ಕ್ಯಾಲೊರಿಯಾದರೆ ಇದು 147. ಔತಣದ ದಿನ ಗುಂಡಿನ ಜೊತೆ ಬೇಡ. ಆಲ್ಕೋಹಾಲನ್ನು ಕರಗಿಸುವ ಕಿಣ್ವವೊಂದನ್ನು ಡ್ಯೂರಿಯನ್ ಸಾರ ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ಕಿಡ್ನಿ ತೊಂದರೆಯವರು ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳಿಯೇ ತಿನ್ನಲಿ.

ಬೀಜವನ್ನು ಹಸಿಯಾಗಿ ತಿನ್ನುವಂತಿಲ್ಲ. ಉಪ್ಪು ಹಾಕಿ ಬೇಯಿಸಿದರೆ ತಿನ್ನಬಹುದು, ಆದರೆ ಲೋಳೆಯಾಗುತ್ತದೆ. ಸಾರಿಗೆ ನಮ್ಮ ಹಲಸಿನ ಬೀಜವೇ ವಾಸಿ.