ಕಾಫಿ ತೋಟಕ್ಕೆ ಬೌದ್ಧ ದಾರಿಯೋ, ದಾವೋ ದಾರಿಯೋ?

ಮಡಿಕೇರಿ ಕಡೆ ತೋಟ ಕೈಗೆ ಬಂದಿದೆ, ಮರ ಮಣ್ಣಿನ ಬಗ್ಗೆ ನನ್ನ ಹೊಣೆ ತಿಳಿಯಲು ಬೌದ್ಧ ವಿಚಾರ ಓದಲಾ, ಚೀನಾದ ಹಳೆಯ ತತ್ವವಾದ ದಾವೋ ಓದಲಾ ಅಂತ ಕೇಳಿದ್ದೀರಿ.

ಹೊಣೆ ಎಲ್ಲಿಂದ ಬರುತ್ತದೆ ಅನ್ನುವುದರಲ್ಲೇ ಎರಡೂ ಬೇರೆ. ಬೌದ್ಧರಿಗೆ ಯಾವುದೂ ಒಂಟಿಯಲ್ಲ, ಒಂದನ್ನು ನೆಚ್ಚಿ ಇನ್ನೊಂದು ಇರುತ್ತದೆ. ಮೊದಲ ಶೀಲವೇ (ನಡತೆಯ ನಿಯಮ) ಜೀವ ತೆಗೆಯದಿರುವುದು. ಭಿಕ್ಷುಗಳು ಗಿಡ ಕೀಳುವಂತಿಲ್ಲ, ನೆಲ ಅಗೆಯುವಂತಿಲ್ಲ. ಥಾಯ್ಲೆಂಡಿನಲ್ಲಿ ಕಾಡು ಉಳಿಸಲು ಭಿಕ್ಷುಗಳು ಮರಗಳಿಗೇ ಕಾವಿ ಸುತ್ತಿ ದೀಕ್ಷೆ ಕೊಟ್ಟರು. ದಾವೋದಲ್ಲಿ ಮನುಷ್ಯ ಪ್ರಕೃತಿಯ ಒಡೆಯನಲ್ಲ, ಅದರ ಒಂದು ತುಣುಕು. ಬಲವಂತ ಮಾಡದೆ ಅದರ ನಡೆಗೆ ಹೊಂದಿಕೊಳ್ಳಬೇಕು. ಹಾಗಂತ ಸುಮ್ನೆ ಕೂರುವುದಲ್ಲ. ಮರ ವೃಥಾ ಕಡಿಯಬೇಡ, ನೀರಿಗೆ ವಿಷ ಹಾಕಬೇಡ ಅಂತ ಅವರ ಹಳೆಯ ನಿಯಮಗಳಲ್ಲೂ ಇದೆ.

ಇನ್ನು ತೋಟದ ಕೆಲಸ. ಅರೇಬಿಕಾ ಕಾಫಿ ಗಿಡಕ್ಕೆ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳ ಬಿದ್ದರೆ ಬೌದ್ಧ ಓದು ಮನಸ್ಸು ಚುಚ್ಚುತ್ತದೆ: ಹುಳವೂ ಜೀವ ಅಲ್ವಾ? ದಾವೋ ಓದಿದವರು ಮೊದಲು ನೆರಳು ನೋಡುತ್ತಾರೆ. ಈ ಹುಳಕ್ಕೆ ಬಿಸಿಲು ಬೀಳುವ ಗಿಡವೇ ಇಷ್ಟ. ಮರಗಸಿಯಲ್ಲಿ, ಅಂದರೆ ನೆರಳಿನ ಮರ ಸವರುವಾಗ, ಜಾಸ್ತಿ ಕೊಂಬೆ ಇಳಿಸುವ ಮುಂಚೆ, ಕಾಡುಮರ ತೆಗೆದು ಸಿಲ್ವರ್ ಓಕ್ ನೆಡುವ ಮುಂಚೆ ಕೈ ತಡೆಯುತ್ತದೆ. ಈ ವಿಷಯದಲ್ಲಿ ನನಗೆ ದಾವೋ ಹೆಚ್ಚು ಹಿಡಿಸುತ್ತದೆ.

ಕಲಿಯುವುದಕ್ಕೆ ಬೌದ್ಧ ದಾರಿ ಸುಲಭ. ಕುಶಾಲನಗರ ದಾಟಿದರೆ ಟಿಬೆಟಿಯನ್ನರ ನೆಲೆ ಬೈಲುಕುಪ್ಪೆ, ಕೇಳಲು ಲಾಮಾಗಳಿದ್ದಾರೆ. ದಾವೋಗೆ ಇಲ್ಲಿ ಪುಸ್ತಕವೇ ಗತಿ.

ಆನೆ ನುಗ್ಗಿದಾಗಿನ ಸಿಟ್ಟು, ಔಷಧಿ ಹೊಡೆಯುವಾಗಿನ ಅಳುಕು ಕಾಡುತ್ತಿದ್ದರೆ ಬೌದ್ಧ ವಿಚಾರದಿಂದ ಶುರು ಮಾಡಿ. ತೋಟದಲ್ಲಿ ಎಷ್ಟು ಕೈ ಹಾಕಬೇಕು, ಎಷ್ಟು ಬಿಡಬೇಕು ಅನ್ನುವುದೇ ಪ್ರಶ್ನೆಯಾದರೆ ದಾವೋ. ದೇವರಕಾಡಿನ ಅಂಚಿಗೇ ತೋಟವಿದ್ದರೆ ಎರಡೂ ಬೇಕಾಗುತ್ತದೆ.