ಝೆನಿತ್ ಸಿಎಚ್ 701: ಕಟ್ಟಿ, ಹಾರಿಸಿ, ಕೆಲವು ವರ್ಷ ಆದ ಮೇಲೆ

ಝೆನಿತ್ ಸಿಎಚ್ 701 ಅಂದರೆ ನಾವೇ ಕಟ್ಟಿಕೊಳ್ಳಬಹುದಾದ, ಇಬ್ಬರು ಕೂರುವ ಪುಟ್ಟ ವಿಮಾನ. ವೇಗ ಬೇಕು ಅನ್ನೋರು ಇದರ ಕಡೆ ತಿರುಗಿಯೂ ನೋಡಬೇಡಿ. ಕ್ರಿಸ್ ಹೈಂಟ್ಜ್ 1980ರ ದಶಕದಲ್ಲಿ ಇದನ್ನು ರೂಪಿಸಿದ್ದೇ ಚಿಕ್ಕ ಜಾಗದಲ್ಲಿ ಏಳೋಕೆ, ಇಳಿಯೋಕೆ.

ನಾವು ಗೆಳೆಯರು ಸೇರಿ ಚಿಕ್ಕಬಳ್ಳಾಪುರದ ಹತ್ತಿರ ಒಂದು ಹಳೇ ರೇಷ್ಮೆ ಹುಳುಮನೆಯಲ್ಲಿ ಕಟ್ಟಿದೆವು. ರೆಕ್ಕೆ ತುದಿಯಿಂದ ತುದಿಗೆ 8.2 ಮೀಟರ್, ಆದರೆ ಎಡ ಬಲ ಬೇರೆ ಬೇರೆ ಕಟ್ಟೋದರಿಂದ ಜಾಗ ಸಾಕಾಯಿತು. ಎಲ್ಲಾ ಅಲ್ಯೂಮಿನಿಯಂ ಶೀಟು, ವೆಲ್ಡಿಂಗ್ ತೀರಾ ಕಡಿಮೆ. ನನಗೆ ತುಂಬಾ ಹಿಡಿಸಿದ್ದು ರಿವೆಟ್ ಕೆಲಸ, ಅಂದರೆ ಶೀಟುಗಳನ್ನು ಸಣ್ಣ ಲೋಹದ ಮೊಳೆಗಳಿಂದ ಜೋಡಿಸೋದು. ರಿವೆಟ್ಟಿನ ತಲೆ ಚಪ್ಪಟೆ, ಗನ್ನಿನ ಮೂತಿಯಲ್ಲಿ ಸಣ್ಣ ಕುಳಿ ಇರುತ್ತದೆ, ಎಳೆದ ಕೂಡಲೇ ತಲೆ ಆ ಕುಳಿಯೊಳಗೆ ಗುಂಡಗಾಗಿ ಕೂರುತ್ತದೆ. ಒಬ್ಬರೇ ಮಾಡಬಹುದು, ಆಚೆ ಕಡೆ ಹಿಡಿಯೋಕೆ ಇನ್ನೊಬ್ಬರು ಬೇಡ. ತೂತು ಕೊರೆದ ಮೇಲೆ ಅಂಚಿನ ಸಿಬಿರು ತೆಗೆಯೋದು ಮಾತ್ರ ಬೇಜಾರು, ಮುಗಿಯೋದೇ ಇಲ್ಲ ಅನ್ನಿಸುತ್ತೆ. ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಕಾಗದಪತ್ರದ ಕೆಲಸವನ್ನು ವಿಮಾನ ಕಟ್ಟೋಕೆ ಮೊದಲೇ ಶುರು ಮಾಡಿ, ಅದಿಲ್ಲದೆ ನೆಲ ಬಿಡೋ ಹಾಗಿಲ್ಲ.

ಹಾರಾಟಕ್ಕೆ ಬಂದರೆ, ರೆಕ್ಕೆಯ ಮುಂದೆ ಸ್ವಲ್ಪ ಸಂದು ಬಿಟ್ಟು ಕೂರಿಸಿದ ಉದ್ದ ಪಟ್ಟಿ, ಸ್ಲ್ಯಾಟ್, ಇದೆಯಲ್ಲ, ಎಲ್ಲಾ ಅದರದ್ದೇ ಆಟ. ಸಂದಿನಿಂದ ನುಗ್ಗುವ ಗಾಳಿ ರೆಕ್ಕೆಯ ಮೇಲ್ಭಾಗಕ್ಕೆ ಅಂಟಿಕೊಂಡು ಹರಿಯುತ್ತದೆ, ಹಾಗಾಗಿ ಮೂತಿ ಜಾಸ್ತಿ ಎತ್ತಿ ತುಂಬಾ ನಿಧಾನ ಹೋದರೂ ಬೀಳಲ್ಲ. ಆದರೆ ಅದೇ ಸ್ಲ್ಯಾಟು ಗಾಳಿಯನ್ನು ತಡೆದು ವೇಗವನ್ನೂ ತಿನ್ನುತ್ತದೆ. ಕೆಲವರು ಅದನ್ನು ಕಿತ್ತು ರೆಕ್ಕೆ ಮೇಲೆ ವೋರ್ಟೆಕ್ಸ್ ಜನರೇಟರ್ (ಗಾಳಿಯಲ್ಲಿ ಸಣ್ಣ ಸುಳಿ ಎಬ್ಬಿಸುವ ಪುಟ್ಟ ತುಂಡುಗಳು) ಅಂಟಿಸುತ್ತಾರೆ. ನಾವು ಮುಟ್ಟಿಲ್ಲ. ಇನ್ನೊಂದು, ಎಂಜಿನ್ ಕಡಿಮೆ ಮಾಡಿದರೆ ವೇಗ ಪಟ್ ಅಂತ ಇಳಿಯುತ್ತೆ. ತಕ್ಷಣ ಮೂತಿ ಬಗ್ಗಿಸಬೇಕು, ಗ್ಲೈಡ್ ಆಗುತ್ತೆ ಅಂತ ಸುಮ್ನೆ ಕೂರೋ ಹಾಗಿಲ್ಲ.

ನಮ್ಮ ಕಡೆಯವರು ಮುಖ್ಯವಾಗಿ ನೋಡಬೇಕಾದ್ದು ಬೇರೆ. ಕಂಪನಿ ಹೇಳುವ ಟೇಕಾಫ್ ದೂರವನ್ನು ಇಲ್ಲಿ ಹಾಗೇ ನಂಬಬೇಡಿ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ಲೆಕ್ಕದಲ್ಲಿ ಸುಮಾರು 1,900 ಮೀಟರ್ ಎತ್ತರದಲ್ಲಿ ಹಾರಿಸಿದ ಹಾಗಾಗುತ್ತದೆ, ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿ ತುದಿ! 80 ಅಶ್ವಶಕ್ತಿಯ ರೋಟಾಕ್ಸ್ 912 ಎಂಜಿನ್ ಹಾಕಿದ್ದರೂ ಇಬ್ಬರು ಕೂತಾಗ ಏರೋದು ನಿಧಾನ ಅಂತ ಗೊತ್ತಾಗುತ್ತೆ. ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಬಿಟ್ಟರೆ ಹಾರಿಸಲ್ಲ.

ಎಂಜಿನ್ ತಂಟೆ ಕೊಟ್ಟಿಲ್ಲ. ಆಯಿಲ್ ನೋಡೋಕೆ ಮುಂಚೆ ಇಗ್ನಿಷನ್ ಸ್ವಿಚ್ ಎರಡೂ ಆಫ್ ಇದೆಯಾ ನೋಡಿ, ಆಯಿಲ್ ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬರೋವರೆಗೂ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಬೇಕು. ಇಲ್ಲದಿದ್ದರೆ ಆಯಿಲ್ ಅಳೆಯೋ ಕಡ್ಡಿ ತಪ್ಪು ಮಟ್ಟ ತೋರಿಸುತ್ತೆ. ಮುಂಚಕ್ರಕ್ಕೆ ಸ್ಪ್ರಿಂಗಿನ ಹಾಗಿರೋ ಬಂಜಿ ರಬ್ಬರ್ ಮಾತ್ರ ನಮ್ಮ ಬಿಸಿಲಿಗೆ ಬೇಗ ಹಾಳಾಗುತ್ತೆ. ಹೊರಗಿನ ನೂಲು ಹರಿದಿದ್ದು ಕಂಡರೆ ಬದಲಾಯಿಸಿಬಿಡಿ. ಮೂತಿ ಕುಸಿದು ಪ್ರೊಪೆಲ್ಲರ್ ನೆಲಕ್ಕೆ ತಾಗಿದರೆ ಗೇರ್‌ಬಾಕ್ಸ್ ಬಿಚ್ಚಿಸಿ ನೋಡಬೇಕಾಗುತ್ತೆ, ಆ ಖರ್ಚಿನ ಮುಂದೆ ರಬ್ಬರಿನ ದುಡ್ಡು ಏನೂ ಅಲ್ಲ.