ಬಾಣ ಹಿಡಿಯುತ್ತೆ, ಹೆಸರಲ್ಲಿ ಎಡವುತ್ತೆ: ಪ್ರೋಸೆಸ್ ಮಾಡೆಲ್ ಹುಡುಕುವ ಸಾಫ್ಟ್‌ವೇರ್, ಬಳಸಿ ನೋಡಿದ ಮೇಲೆ

ದಾವಣಗೆರೆ ಕಡೆಯ ಅಕ್ಕಿ ಗಿರಣಿ, ಎಪಿಎಂಸಿ ದಲಾಲಿ ಅಂಗಡಿ, ಪತ್ತಿನ ಸಹಕಾರಿ ಸಂಘಗಳಿಗೆ ಬಿಪಿಎಂಎನ್ ಚಿತ್ರ (ಕೆಲಸದ ಹಂತಗಳನ್ನು ಚೌಕ, ಬಾಣಗಳಲ್ಲಿ ತೋರಿಸುವ ಪ್ರೋಸೆಸ್ ಮಾಡೆಲ್) ಬರೆದುಕೊಡುವವರ ಹತ್ತಿರ ಒಂದನ್ನೊಂದು ಹೋಲುವ ಮಾಡೆಲ್‌ಗಳು ನೂರಾರು ಸೇರಿಕೊಳ್ಳುತ್ತವೆ. ಹೊಸದು ಬರೆಯುವ ಮುಂಚೆ ಹಳೆಯದರಲ್ಲಿ ಇದೆಯಾ ಅಂತ ನೋಡೋಕೆ ಬೇಕಾದದ್ದು ಈ ಜಾತಿಯ ಸಾಫ್ಟ್‌ವೇರ್. ಕಂಪನಿ ಹೆಸರು ಬರೆಯಲ್ಲ, ಮುಂದೆ ಬೈಯೋದಿದೆ. ಫೀಚರ್ ಪಟ್ಟಿ ಬ್ರೋಷರ್‌ನಲ್ಲೇ ಸಿಗುತ್ತೆ.

ದಿನಾ ಕೈಯಾಡುವುದು ತುಂಡು ಬರೆದು ಹುಡುಕುವ ಸ್ಕ್ರೀನ್ ಮೇಲೆ. ‘ಲಾರಿ ತೂಕ’, ಅದರ ಮುಂದೆ ‘ತೇವಾಂಶ ಪರೀಕ್ಷೆ’, ಆಮೇಲೆ ಒಂದು ಗೇಟ್‌ವೇ (ದಾರಿ ಕವಲೊಡೆಯುವ ಗುರುತು), ಅಲ್ಲಿಂದ ‘ಅನ್‌ಲೋಡ್’, ‘ವಾಪಸ್’ ಅಂತ ಎರಡು ಕವಲು. ಎಂಟರ್ ಒತ್ತಿ ಟೀ ಲೋಟ ಕೈಗೆ ತಗೊಳ್ಳುವಷ್ಟರಲ್ಲಿ ಪಟ್ಟಿ ಬಂದಿರುತ್ತೆ, ಪ್ರತಿ ಚಿತ್ರದಲ್ಲೂ ಹೊಂದಿದ ಭಾಗ ಹಸಿರು ಬಣ್ಣದಲ್ಲಿ. ಅದೂ 8 ಜಿಬಿ ರ‍್ಯಾಮಿನ ಹಳೇ ಡೆಸ್ಕ್‌ಟಾಪ್‌ನಲ್ಲಿ. ಈ ಸುಖಕ್ಕೇ ಅರ್ಧ ದುಡ್ಡು ಕೊಡಬಹುದು.

ಇಷ್ಟು ಬೇಗ ಆಗೋಕೆ ಕಾರಣ ಇದೆ. ಒಂದು ಗ್ರಾಫ್‌ನೊಳಗೆ ಇನ್ನೊಂದು ಅಡಗಿದೆಯಾ ಅಂತ ನೋಡೋದು ಎನ್‌ಪಿ-ಕಂಪ್ಲೀಟ್ ಲೆಕ್ಕ, ಅಂದರೆ ಯಾವಾಗಲೂ ಬೇಗ ಬಿಡಿಸುವ ದಾರಿ ಗೊತ್ತಿಲ್ಲದ್ದು (ಗ್ರಾಫ್ ಅಂದರೆ ಇಲ್ಲಿ ಚೌಕ, ಬಾಣಗಳ ಜಾಲ). ಇದ್ದಬದ್ದ ಚಿತ್ರಕ್ಕೆಲ್ಲ ಮಾಡುತ್ತ ಕೂತರೆ ಮುಗಿಯಲ್ಲ. ಅದಕ್ಕೆ ‘ಇದಾದ ಮೇಲೆ ಅದು’ ಅನ್ನೋ ಕೆಲಸದ ಜೋಡಿಗಳ ಇಂಡೆಕ್ಸನ್ನು ಮೊದಲೇ ಕಟ್ಟಿಟ್ಟುಕೊಂಡಿರುತ್ತೆ. ಕೇಳಿದ ಜೋಡಿಗಳೆಲ್ಲ ಇರುವ ಚಿತ್ರಗಳನ್ನು ಸೋಸಿ ತೆಗೆದು, ಆ ಕೆಲವಕ್ಕೆ ಮಾತ್ರ ಪೂರ್ತಿ ಪರೀಕ್ಷೆ. ಸೆಟ್ಟಿಂಗ್‌ನಲ್ಲಿ ‘ಗೇಟ್‌ವೇ ದಾಟಿ ಜೋಡಿಸು’ ಟಿಕ್ ಆಗಿರಲೇಬೇಕು. ಇಲ್ಲದಿದ್ದರೆ ಜೋಡಿ ಆಗೋದು ಹೆಸರಿಲ್ಲದ ಗೇಟ್‌ವೇ ಜೊತೆ. ಗೇಟ್‌ವೇ ಬಹುತೇಕ ಎಲ್ಲ ಚಿತ್ರದಲ್ಲೂ ಇರೋದರಿಂದ ಜರಡಿ ಸಡಿಲವಾಗಿ, ಬೇಡದ ಚಿತ್ರಗಳೂ ಉಳಿಯುತ್ತವೆ.

ಪಕ್ಕದ ‘ಹೋಲಿಕೆ’ ಟ್ಯಾಬ್ ಬೇರೆಯದೇ ಲೆಕ್ಕ: ಒಂದು ಗ್ರಾಫನ್ನು ಇನ್ನೊಂದಾಗಿ ತಿದ್ದೋಕೆ ಎಷ್ಟು ಬದಲಾವಣೆ ಬೇಕು ಅನ್ನೋದು. ಸಣ್ಣ ತುಂಡನ್ನು ಇಲ್ಲಿ ಹಾಕಬೇಡಿ. 4 ನೋಡ್‌ನ (ಚೌಕ, ಗೇಟ್‌ವೇ ಥರದ ಒಂದೊಂದೂ ಒಂದು ನೋಡ್) ತುಂಡು 30 ನೋಡ್‌ನ ಚಿತ್ರದಲ್ಲಿ ಅಚ್ಚುಕಟ್ಟಾಗಿ ಕೂತರೂ, ಒಟ್ಟು 34ರಲ್ಲಿ 26 ನೋಡ್ ಜೋಡಿ ಇಲ್ಲದೆ ಉಳಿಯುತ್ತವೆ, ಅಂಕ ಪಾತಾಳಕ್ಕೆ. ಪೂರ್ತಿ ಚಿತ್ರಕ್ಕೆ ಪೂರ್ತಿ ಚಿತ್ರ ಹೋಲಿಸೋಕೆ ಮಾತ್ರ ಅದು. ಅಲ್ಲೂ ‘ಗ್ರೀಡಿ’ (ಆ ಕ್ಷಣಕ್ಕೆ ಚೆನ್ನಾಗಿ ಕಂಡ ಜೋಡಿಯನ್ನೇ ಹಿಡಿದು ಸಾಗುವ) ಆಯ್ಕೆಯೇ ಸಾಕು, ‘ನಿಖರ’ ಒತ್ತಿದರೆ ದೊಡ್ಡ ಚಿತ್ರಗಳಲ್ಲಿ ಮಷಿನ್ ಉಸಿರು ಕಟ್ಟುತ್ತೆ.

ಈಗ ಬೈಗುಳ. ಇಷ್ಟೆಲ್ಲ ಜಾಣತನ ನಿಂತಿರೋದು ಲೇಬಲ್ (ಚೌಕದಲ್ಲಿ ಬರೆದ ಕೆಲಸದ ಹೆಸರು) ಮೇಲೆ, ಲೇಬಲ್ ಹೋಲಿಸೋದು ಮಾತ್ರ ಬರೀ ಅಕ್ಷರ ಎಣಿಸಿ. ‘ಅರ್ಜಿ ಸ್ವೀಕಾರ’ಕ್ಕೂ ‘ಅರ್ಜಿ ತಿರಸ್ಕಾರ’ಕ್ಕೂ ಯೂನಿಕೋಡ್ ಲೆಕ್ಕದಲ್ಲಿ 14 ಸಂಕೇತಗಳಲ್ಲಿ 5 ವ್ಯತ್ಯಾಸ, ಹೋಲಿಕೆ 0.64. ‘ಅರ್ಜಿ ಸ್ವೀಕಾರ’, ‘ಅರ್ಜಿ ಪಡೆಯುವುದು’ ಎರಡೂ ಒಂದೇ ಕೆಲಸ, ಹೋಲಿಕೆ 0.40! ಸಾಫ್ಟ್‌ವೇರ್ ಹಾಕಿಕೊಂಡು ಬರುವ ಮಿತಿ 0.6, ಅದರ ಮೇಲಿದ್ದರೆ ಎರಡೂ ಒಂದೇ ಅಂತ ಲೆಕ್ಕ. ಅಂದರೆ ತಗೊಂಡದ್ದೂ ತಳ್ಳಿದ್ದೂ ಒಂದೇ ಬುಟ್ಟಿಗೆ, ಒಂದೇ ಅರ್ಥದ್ದು ಬೇರೆ ಬೇರೆ ಬುಟ್ಟಿಗೆ. ಸಾಲದ ಅರ್ಜಿ ಪ್ರೋಸೆಸ್‌ನಲ್ಲಿ ಇದು ತಮಾಷೆ ಅಲ್ಲ. ‘ತೇವಾಂಶ 14%’ ಮತ್ತು ‘ತೇವಾಂಶ 17%’ ನಡುವೆ ಒಂದೇ ಅಂಕಿಯ ವ್ಯತ್ಯಾಸ, ಹೋಲಿಕೆ 0.9. ಸರ್ಕಾರಿ ಖರೀದಿಯಲ್ಲಿ ಮೊದಲನೆಯದು ಮೆಕ್ಕೆಜೋಳದ ಮಿತಿ, ಎರಡನೆಯದು ಭತ್ತದ್ದು.

ಕಣ್ಣಿಗೆ ಕಾಣದ ತೊಂದರೆ ಇನ್ನೂ ಇದೆ. ‘ಗೇಟ್ ಪಾಸ್’ ಅಂತ ಕೆಲವು ಕೀಬೋರ್ಡ್ ಬರೆದಾಗ ‘ಸ್’ ಆದಮೇಲೆ ಜೀರೋ ವಿಡ್ತ್ ನಾನ್ ಜಾಯಿನರ್ ಅನ್ನೋ ಕಾಣದ ಸಂಕೇತ ಸೇರಿಕೊಳ್ಳುತ್ತೆ. ನೋಡೋಕೆ ಒಂದೇ, ‘ಯಥಾವತ್’ ಹುಡುಕಾಟದಲ್ಲಿ ಫಲಿತಾಂಶ ಸೊನ್ನೆ. ಎನ್‌ಎಫ್‌ಸಿ (ಯೂನಿಕೋಡ್ ಬರಹವನ್ನು ಒಂದೇ ರೂಪಕ್ಕೆ ತರುವ ವಿಧಾನ) ಮಾಡಿದರೆ ಬಿಡಿಸಿ ಬರೆದ ‘ೋ’, ‘ೀ’ ಸರಿಹೋಗುತ್ತವೆ, ಇದು ಮಾತ್ರ ಹೋಗಲ್ಲ, ಬೇರೆಯಾಗಿ ಕಿತ್ತು ಹಾಕಬೇಕು. ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಚಿತ್ರಗಳಿದ್ದರಂತೂ ಯೂನಿಕೋಡ್‌ಗೆ ಪರಿವರ್ತಿಸದೆ ಇಂಪೋರ್ಟ್ ಮಾಡಲೇಬೇಡಿ.

ಇಷ್ಟಾದರೂ ಬಿಸಾಡುವ ಮಾಲು ಅಲ್ಲ, ದಾರಿಗೆ ತರಬಹುದು. ಮಿತಿಯನ್ನು 0.7ಕ್ಕೆ ಏರಿಸಿ: ‘ಸಾಲ ಮಂಜೂರು’, ‘ಸಾಲ ಮಂಜೂರಾತಿ’ 0.75ರಲ್ಲಿ ಒಟ್ಟಿಗೇ ಉಳಿಯುತ್ತವೆ, ಸ್ವೀಕಾರ–ತಿರಸ್ಕಾರ ಬೇರೆಯಾಗುತ್ತವೆ. ‘ಪಡೆಯುವುದು’ ಥರದ್ದನ್ನು ಸಮಾನಾರ್ಥಕಗಳ ಸಿಎಸ್‌ವಿ ಫೈಲಿಗೆ ಸೇರಿಸಿ, ಸಾಲಿಗೊಂದು ಗುಂಪು, ಮೊದಲ ಪದವೇ ಅಧಿಕೃತ. ‘ಲೋನ್ ಸ್ಯಾಂಕ್ಷನ್’ ಕೂಡ ‘ಸಾಲ ಮಂಜೂರು’ ಇರುವ ಸಾಲಿಗೆ. ಅಂಕಿಗಳನ್ನು ಲೇಬಲ್‌ನಿಂದ ತೆಗೆದು ಟಿಪ್ಪಣಿಗೆ ಹಾಕಿ, ಹುಡುಕುವಾಗ ಫಿಲ್ಟರ್ ಮಾಡಿ. ಫೈಲ್ ಬದಲಾದ ಮೇಲೆ ಇಂಡೆಕ್ಸ್ ಮತ್ತೆ ಕಟ್ಟಬೇಕು. ಸಂಜೆ ಮನೆಗೆ ಹೊರಡುವಾಗ ಹಾಕಿ, ಯುಪಿಎಸ್ ಇರುವ ಮಷಿನ್‌ನಲ್ಲಿ. ಮಧ್ಯೆ ಕರೆಂಟ್ ಹೋದರೆ ಅರ್ಧ ಇಂಡೆಕ್ಸ್ ಉಳಿದು, ಇರುವ ಚಿತ್ರವೂ ಇಲ್ಲ ಅಂತ ತೋರಿಸುತ್ತೆ, ಎಚ್ಚರಿಕೆ ಮೆಸೇಜೂ ಕೊಡಲ್ಲ.

5ಕ್ಕೆ 3. ಚಿತ್ರಗಳು ನೂರರೊಳಗಿದ್ದರೆ ಇದಕ್ಕೆ ದುಡ್ಡು ಸುರಿಯಬೇಡಿ, ಫೋಲ್ಡರ್ ಶಿಸ್ತು, ಫೈಲ್ ಹೆಸರಿನ ಶಿಸ್ತು ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಡೆಮೊ ಕೇಳಿ, ಆದರೆ ಅವರ ಸ್ಯಾಂಪಲ್ ಮೇಲೆ ಬೇಡ. ಸಾಮಾನ್ಯವಾಗಿ ತೋರಿಸೋದು ಸಂಶೋಧಕರೂ ಬಳಸುವ ಎಸ್‌ಎಪಿ ರೆಫರೆನ್ಸ್ ಮಾಡೆಲ್‌ನ 604 ಇಪಿಸಿ (ಬಿಪಿಎಂಎನ್ ಥರದ್ದೇ ಇನ್ನೊಂದು ಪದ್ಧತಿ) ಚಿತ್ರಗಳನ್ನು. ಅದರ ಇಂಗ್ಲಿಷ್ ಲೇಬಲ್‌ಗಳಲ್ಲಿ ಈ ತೊಂದರೆ ಅರ್ಧವೂ ಕಾಣಲ್ಲ. ನಿಮ್ಮದೇ ಕನ್ನಡ ಚಿತ್ರಗಳನ್ನು ಬಿಪಿಎಂಎನ್ ಫೈಲಾಗಿ ಪೆನ್‌ಡ್ರೈವ್‌ನಲ್ಲಿ ಕೊಟ್ಟು, ‘ಅರ್ಜಿ ಸ್ವೀಕಾರ’ ಹುಡುಕಿಸಿ.